ಸೇವೆಯೋ, ಚಾಕರಿಯೋ? ಬೆಕ್ಕಿನ ಕಥೆಗಳಲ್ಲಿ ಮೂರನೆಯವರು

ಬೆಕ್ಕು ಸಾಕಿದವರು ಹೇಳುವ ತಮಾಷೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ನಾಯಿಗೆ ಯಜಮಾನರಿರುತ್ತಾರೆ, ಬೆಕ್ಕಿಗೆ ಆಳುಗಳಿರುತ್ತಾರೆ ಎಂಬುದು ಅದರ ಸಾರ. ಮನೆ ನಮ್ಮದು, ಬಾಡಿಗೆ ಕಟ್ಟುವವರು ನಾವು, ಆದರೆ ಮನೆಯಲ್ಲಿರುವ ಒಂದೇ ಒಂದು ಒಳ್ಳೆಯ ಕುರ್ಚಿ ಅದರದು. ನಸುಕಿನಲ್ಲಿ ಎದೆಯ ಮೇಲೆ ಕೂತು ಎಬ್ಬಿಸಿ, ತಟ್ಟೆಗೆ ಹಾಕಿದ್ದನ್ನು ಒಮ್ಮೆ ಮೂಸಿ, ಬೆನ್ನು ತಿರುಗಿಸಿ ಹೋಗುವ ಪ್ರಾಣಿಯ ಮುಂದೆ ನಿಂತವರಿಗೆ ಈ ಮಾತು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ಅರಸು ಆಳಾಗುವುದು, ಆಳು ಅರಸಾಗುವುದು ಹಾಸ್ಯದ ಬಹಳ ಹಳೆಯ ತಂತ್ರ. ಬೆಕ್ಕು ಅದನ್ನು ಯಾವ ನಾಟಕಕಾರನ ನೆರವೂ ಇಲ್ಲದೆ ದಿನವೂ ಆಡಿ ತೋರಿಸುತ್ತದೆ.

ಆದರೆ ಬೆಕ್ಕಿನ ಬಗೆಗಿನ ಕೆಲವು ಪ್ರಸಿದ್ಧ ಬರಹಗಳನ್ನು, ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆ ಮನೆಗಳಲ್ಲಿ ಬೆಕ್ಕು ಮತ್ತು ಅದರ 'ಸೇವಕ' ಇಬ್ಬರೇ ಇರುವುದಿಲ್ಲ. ಅಡುಗೆಮನೆಯಲ್ಲೋ ಬಾಗಿಲ ಮರೆಯಲ್ಲೋ ಮೂರನೆಯವರೊಬ್ಬರು ಇರುತ್ತಾರೆ. 'ನಾನು ಬೆಕ್ಕಿನ ಆಳು' ಎಂಬ ತಮಾಷೆಯನ್ನು ಅವರು ಹೇಳುವುದಿಲ್ಲ. ಅವರು ನಿಜವಾಗಿಯೂ ಆಳುಗಳು.

ಮೊದಲು ಲಂಡನ್ನಿನ ಒಂದು ಮನೆ. 1755ರಲ್ಲಿ ಇಂಗ್ಲಿಷ್ ನಿಘಂಟು ಪ್ರಕಟಿಸಿ ಹೆಸರಾದ ಸ್ಯಾಮ್ಯುಯೆಲ್ ಜಾನ್ಸನ್ನನಿಗೆ ಹಾಡ್ಜ್ ಎಂಬ ಬೆಕ್ಕಿತ್ತು. ಅದರ ಕಥೆಯನ್ನು ಹೆಚ್ಚಿನವರು ಬಲ್ಲದ್ದು ಜೇಮ್ಸ್ ಬಾಸ್ವೆಲ್ 1791ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಿಂದ. ಬಾಸ್ವೆಲ್‌ಗೆ ಬೆಕ್ಕು ಕಂಡರಾಗದು, ಒಂದೇ ಕೋಣೆಯಲ್ಲಿದ್ದರೂ ಮುಜುಗರ. ಅಂಥವನು ಬರೆದನೆಂಬುದೇ ಆ ಭಾಗಕ್ಕೆ ಒಂದು ರುಚಿ ಕೊಟ್ಟಿದೆ. ಹಾಡ್ಜ್ ಜಾನ್ಸನ್ನನ ಎದೆಯ ಮೇಲೆ ಹತ್ತುತ್ತದೆ, ಅವನು ಅದರ ಬೆನ್ನು ಸವರುತ್ತಾನೆ. ಚೆಂದದ ಬೆಕ್ಕು ಎಂದು ಬಾಸ್ವೆಲ್ ಹೊಗಳಿದರೆ, ಇದಕ್ಕಿಂತ ಮೆಚ್ಚಿನ ಬೆಕ್ಕುಗಳು ನನ್ನಲ್ಲಿದ್ದವು ಎಂದು ಜಾನ್ಸನ್ ಹೇಳಿಬಿಡುತ್ತಾನೆ. ಕೂಡಲೇ ಬೆಕ್ಕಿಗೆ ಬೇಸರವಾಯಿತೇನೋ ಎಂದು ಗಾಬರಿಯಾಗಿ, ಇಲ್ಲ ಇಲ್ಲ, ಇದೂ ಬಹಳ ಒಳ್ಳೆಯದೇ ಎಂದು ತಿದ್ದಿಕೊಳ್ಳುತ್ತಾನೆ. ವಾದದಲ್ಲಿ ಯಾರಿಗೂ ಸೋಲದ ಮನುಷ್ಯ ಬೆಕ್ಕಿನ ಮುಖ ನೋಡಿ ಮಾತು ಬದಲಿಸಿದ ಸಂದರ್ಭ ಇದು.

ಅದೇ ಭಾಗದಲ್ಲಿ ಇನ್ನೊಂದು ವಿವರ ಬರುತ್ತದೆ. ಹಾಡ್ಜ್‌ಗೆ ಆಯ್ಸ್ಟರ್, ಅಂದರೆ ಸಿಂಪಿಯೊಳಗಿನ ಮಾಂಸ ಬೇಕು. ಅದನ್ನು ಕೊಂಡು ತರಲು ಜಾನ್ಸನ್ ತಾನೇ ಹೋಗುತ್ತಿದ್ದ. ಬಾಸ್ವೆಲ್ ಕೊಡುವ ಕಾರಣ: ಈ ಕೆಲಸವನ್ನು ಆಳುಗಳ ಮೇಲೆ ಹೊರಿಸಿದರೆ ಅವರು ಪಾಪದ ಬೆಕ್ಕಿನ ಮೇಲೆ ಅಸಮಾಧಾನ ಬೆಳೆಸಿಕೊಂಡಾರು.

ಬಾಸ್ವೆಲ್‌ನ ಪುಸ್ತಕಕ್ಕಿಂತ ಐದು ವರ್ಷ ಮೊದಲು, 1786ರಲ್ಲಿ, ಜಾನ್ಸನ್ನನ ಆಪ್ತ ಗೆಳತಿ ಹೆಸ್ಟರ್ ಥ್ರೇಲ್ ಪಿಯೋಜಿ ತನ್ನ ನೆನಪುಗಳನ್ನು ಪ್ರಕಟಿಸಿದ್ದಳು. ಇದೇ ಸಂಗತಿ ಅಲ್ಲೂ ಇದೆ. ಬೆಕ್ಕಿಗೆ ವಯಸ್ಸಾಗಿತ್ತು, ಕಾಯಿಲೆಯಾಗಿತ್ತು, ಆಯ್ಸ್ಟರ್ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ ಎಂದು ಆಕೆ ಬರೆಯುತ್ತಾಳೆ. ಆದರೆ ಆಕೆ ಕೊಡುವ ಕಾರಣ ಬೇರೆ. ಮನೆಯ ಆಳು ಫ್ರಾನ್ಸಿಸ್‌ಗೆ ಒಂದು ನಾಲ್ಕು ಕಾಲಿನ ಪ್ರಾಣಿಯ ಅನುಕೂಲಕ್ಕಾಗಿ ತನ್ನನ್ನು ದುಡಿಸಲಾಗುತ್ತಿದೆ ಅನ್ನಿಸಿ ಮನಸ್ಸು ನೋಯಬಾರದು, ಅದಕ್ಕಾಗಿ ಜಾನ್ಸನ್ ತಾನೇ ಹೋಗುತ್ತಿದ್ದ.

ಅಂಗಡಿಗೆ ನಡೆದವನು ಒಬ್ಬನೇ, ನಡೆದದ್ದಕ್ಕೆ ಕಾರಣ ಎರಡು. ಬಾಸ್ವೆಲ್‌ನಲ್ಲಿ ಆಳುಗಳಿಗೆ ಹೆಸರಿಲ್ಲ. ಅವರು ಬೆಕ್ಕಿಗೆ ಒದಗಬಹುದಾದ ಒಂದು ಅಪಾಯ ಮಾತ್ರ. ಥ್ರೇಲ್‌ನಲ್ಲಿ ಆಳಿಗೆ ಹೆಸರಿದೆ, ನೋಯಬಲ್ಲ ಮನಸ್ಸಿದೆ. ಮೊದಲನೆಯದು ಬೆಕ್ಕಿನ ಮೇಲಿನ ಪ್ರೀತಿಯ ಕಥೆ, ಎರಡನೆಯದು ಮನುಷ್ಯನ ಘನತೆಯ ಕಥೆ. ಎರಡೂ ಒಟ್ಟಿಗೆ ನಿಜವಿರಬಹುದು. ಆದರೆ ಬೆಕ್ಕುಪ್ರೇಮಿಗಳ ಬಾಯಲ್ಲಿ ಉಳಿದುಬಂದದ್ದು ಹೆಚ್ಚಾಗಿ ಮೊದಲನೆಯದೇ.

ಈ ಫ್ರಾನ್ಸಿಸ್ ಬಾರ್ಬರ್ ಯಾರು ಎಂದು ತಿಳಿದಾಗ ಥ್ರೇಲ್ ಹೇಳಿದ ಕಾರಣದ ತೂಕ ಗೊತ್ತಾಗುತ್ತದೆ. ಅವನು ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿದವನು. ಬಾಲಕನಾಗಿದ್ದಾಗ ಅವನನ್ನು ಇಂಗ್ಲೆಂಡಿಗೆ ಕರೆತರಲಾಯಿತು. 1752ರಲ್ಲಿ ಜಾನ್ಸನ್ನನ ಮನೆ ಸೇರಿದ. ಜಾನ್ಸನ್ ಅವನನ್ನು ಶಾಲೆಗೆ ಕಳಿಸಿದ, 1784ರಲ್ಲಿ ಸಾಯುವಾಗ ತನ್ನ ಆಸ್ತಿಯ ಬಹುಭಾಗ ಅವನಿಗೆ ಸೇರುವಂತೆ ಉಯಿಲು ಬರೆದ. ಮನುಷ್ಯನನ್ನೇ ದನದಂತೆ ಕೊಂಡು ಮಾರುತ್ತಿದ್ದ ಕಾಲವದು. ಹಾಗೆ ಮಾರಾಟದ ವಸ್ತುವಾಗಿ ಹುಟ್ಟಿದವನಿಗೆ 'ಹೋಗು, ಬೆಕ್ಕಿಗೆ ಊಟ ತಾ' ಎಂದರೆ ಏನನ್ನಿಸಬಹುದು ಎಂದು ಯಜಮಾನ ಯೋಚಿಸಿದ್ದಾನೆ. ಲಂಡನ್ನಿನ ಗಫ್ ಸ್ಕ್ವೇರ್‌ನಲ್ಲಿ, ಜಾನ್ಸನ್ನನ ಮನೆಯೆದುರು, 1997ರಲ್ಲಿ ಹಾಡ್ಜ್‌ನ ಪ್ರತಿಮೆ ನಿಲ್ಲಿಸಿದರು. ಬೆಕ್ಕು ನಿಘಂಟಿನ ಮೇಲೆ ಕೂತಿದೆ, ಪಕ್ಕದಲ್ಲಿ ಆಯ್ಸ್ಟರಿನ ಖಾಲಿ ಚಿಪ್ಪುಗಳಿವೆ. ಆ ಚಿಪ್ಪುಗಳನ್ನು ನೋಡಿದರೆ ನನಗೆ ಈಗ ಬೆಕ್ಕಿಗಿಂತ ಮೊದಲು ಬಾರ್ಬರ್ ನೆನಪಾಗುತ್ತಾನೆ.

ಜಾನ್ಸನ್ ಮಾಡಿದ್ದನ್ನು ಎಲ್ಲ ಯಜಮಾನರೂ ಮಾಡುವುದಿಲ್ಲ. ಅದಕ್ಕೆ ಜಪಾನಿನ ನತ್ಸುಮೆ ಸೊಸೆಕಿಯ 'ನಾನೊಂದು ಬೆಕ್ಕು' ಕಾದಂಬರಿ ನೋಡಬೇಕು. 1905-06ರಲ್ಲಿ 'ಹೊತೊತೊಗಿಸು' ಪತ್ರಿಕೆಯಲ್ಲಿ ಕಂತುಗಳಾಗಿ ಬಂದ ಈ ಕೃತಿಯ ನಿರೂಪಕ ಬೆಕ್ಕೇ. ಅದು ತನ್ನನ್ನು ಕರೆದುಕೊಳ್ಳಲು ಬಳಸುವ 'ವಗಹಾಯ್' ಎಂಬ ಪದ ಗತ್ತಿನದು. ನಮ್ಮ ಪೌರಾಣಿಕ ನಾಟಕಗಳ ರಾಜರು ತಮ್ಮನ್ನು 'ನಾವು' ಎಂದುಕೊಂಡ ಹಾಗೆ. ಬೀದಿಯಿಂದ ಬಂದ ಹೆಸರಿಲ್ಲದ ಮರಿಯೊಂದು ಅರಸರ ಧಾಟಿಯಲ್ಲಿ ಮಾತಾಡುತ್ತದೆ. ಅದರ ಯಜಮಾನ ಕುಶಾಮಿ ಇಂಗ್ಲಿಷ್ ಮೇಷ್ಟ್ರು. ಹೊಟ್ಟೆ ಸರಿಯಿಲ್ಲ, ಆದರೂ ಸಿಕ್ಕಾಪಟ್ಟೆ ತಿನ್ನುತ್ತಾನೆ. ಮಹಾ ವಿದ್ವಾಂಸನಂತೆ ಓದುವ ಕೋಣೆ ಸೇರಿ ಪುಸ್ತಕದ ಮೇಲೆ ಜೊಲ್ಲು ಸುರಿಸಿಕೊಂಡು ನಿದ್ದೆ ಮಾಡುತ್ತಾನೆ. ಇದನ್ನೆಲ್ಲ ಬೆಕ್ಕು ನೋಡುತ್ತಿರುತ್ತದೆ. ಪಿಎಚ್‌ಡಿ ವಿದ್ಯಾರ್ಥಿಗಳು ಈ ಪುಟಗಳನ್ನು ಒಬ್ಬರೇ ಇರುವಾಗ ಓದುವುದು ಒಳ್ಳೆಯದು.

ಆದರೆ ಬೆಕ್ಕು ಆ ಮನೆ ಸೇರಿದ್ದು ಹೇಗೆ? ಹಸಿದು, ಚಳಿಯಲ್ಲಿ ನಡುಗುತ್ತ ಅದು ಅಡುಗೆಮನೆಗೆ ನುಗ್ಗುತ್ತದೆ. ಕೆಲಸದಾಕೆ ಹಿಡಿದು ಹೊರಗೆಸೆಯುತ್ತಾಳೆ. ಮತ್ತೆ ಬರುತ್ತದೆ, ಮತ್ತೆ ಎಸೆಯುತ್ತಾಳೆ. ಗಲಾಟೆ ಕೇಳಿ ಬಂದ ಮೇಷ್ಟ್ರು ಮೀಸೆ ತಿರುವಿಕೊಂಡು ಮರಿಯನ್ನು ಸ್ವಲ್ಪ ಹೊತ್ತು ನೋಡಿ, ಇರಲಿ ಬಿಡು ಎಂದು ಹೇಳಿ ಒಳಗೆ ಹೋಗಿಬಿಡುತ್ತಾನೆ. ಅವನ ಪಾಲಿಗೆ ದಯೆ ಒಂದು ಮಾತಿನಲ್ಲಿ ಮುಗಿಯಿತು. ಆ ಮಾತಿನ ದಿನನಿತ್ಯದ ಭಾರ ಅಡುಗೆಮನೆಯಲ್ಲೇ ಉಳಿಯಿತು. ಮುಂದೆ ಬೆಕ್ಕು ಆಕೆಯ ಮೀನು ಕದ್ದು ತಿಂದು, ಸೇಡು ತೀರಿತೆಂದು ಹಗುರಾಗುತ್ತದೆ. ಅದು ಕದ್ದದ್ದು ಮೇಷ್ಟ್ರ ಮೀನನ್ನಲ್ಲ.

ಆ ಕೆಲಸದಾಕೆಯನ್ನು ಬೆಕ್ಕು ಕರೆಯುವುದು 'ಒಸಾನ್' ಎಂದು. ಆ ಕಾಲದ ಜಪಾನಿನಲ್ಲಿ ಅದು ಅಡುಗೆಮನೆಯ ಕೆಲಸದವರನ್ನೆಲ್ಲ ಕರೆಯುತ್ತಿದ್ದ ಸಾಮಾನ್ಯ ಹೆಸರು. ತನಗೆ ಯಾರೂ ಹೆಸರಿಡಲಿಲ್ಲವೆಂದು ಬೆಕ್ಕು ಜಂಬದಿಂದಲೇ ಹೇಳಿಕೊಳ್ಳುತ್ತದೆ, ನಾವೂ ನಗುತ್ತೇವೆ. ಅದೇ ಮನೆಯಲ್ಲಿ ಒಬ್ಬ ಹೆಂಗಸನ್ನು ತಾನೂ ಆ ಸಾಮಾನ್ಯ ಹೆಸರಿನಿಂದಲೇ ಕರೆಯುತ್ತಿದ್ದೇನೆ ಎಂಬುದನ್ನು ಬೆಕ್ಕು ಗಮನಿಸುವುದಿಲ್ಲ. ಮೇಷ್ಟ್ರನ್ನೂ ಅವನ ಗೆಳೆಯರನ್ನೂ ಇಂಚಿಂಚಾಗಿ ಅಳೆಯುವ ಅದರ ಕಣ್ಣು ಒಸಾನ್‌ಳ ವಿಷಯದಲ್ಲಿ ಮಾತ್ರ ಯಜಮಾನನ ಕಣ್ಣೇ ಆಗಿಬಿಡುತ್ತದೆ. ಸೊಸೆಕಿಯ ವಿಡಂಬನೆ ತಲುಪದ ಜಾಗ ಇದೊಂದೇ ಎಂದು ನನಗನ್ನಿಸುತ್ತದೆ.

ಇದೇ ಕಥೆಯನ್ನು ಆಳಿನ ಕಡೆಯಿಂದ ಹೇಳಿದರೆ ಹೇಗಿರುತ್ತದೆ? ಅದಕ್ಕೆ ದೂರ ಹೋಗಬೇಕಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ನಾವೆಲ್ಲ ಚಿಕ್ಕವರಿದ್ದಾಗಲೇ ಕೇಳಿದ್ದೇವೆ. ವಿಜಯನಗರದಲ್ಲಿ ಇಲಿಗಳ ಕಾಟ. ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಬೆಕ್ಕಿನ ಹಾಲಿಗೆಂದು ಒಂದು ಹಸು ಕೊಡಿಸುತ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲು ಇಡುತ್ತಾನೆ. ನಾಲಿಗೆ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತದೆ, ಹಾಲನ್ನು ಮನೆಯವರು ಕುಡಿಯುತ್ತಾರೆ. ಇಲ್ಲಿ ಬೆಕ್ಕಿನ ಸೇವೆ ಯಾರೂ ಪ್ರೀತಿಯಿಂದ ಆರಿಸಿಕೊಂಡದ್ದಲ್ಲ, ಅದು ರಾಜಾಜ್ಞೆ. ಹಸು ಕರೆಯುವವರು, ಹುಲ್ಲು ಹಾಕುವವರು ಪ್ರಜೆಗಳು, ಹಾಲು ಬೆಕ್ಕಿಗೆ. ಆದ್ದರಿಂದಲೇ ನಮ್ಮ ನಗು ಆಜ್ಞೆ ತಪ್ಪಿಸಿದವನ ಕಡೆ ವಾಲುತ್ತದೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಆಜ್ಞೆ ರಾಜನದು, ಸುಟ್ಟದ್ದು ಬೆಕ್ಕಿನ ನಾಲಿಗೆ. ಸಿಂಹಾಸನವನ್ನು ಮುಟ್ಟಲಾಗದವನ ಜಾಣತನ ತನಗಿಂತ ಕೆಳಗಿರುವ ಜೀವದ ಮೇಲೆ ತಿರುಗಿದೆ. ಒಸಾನ್ ಬೆಕ್ಕನ್ನು ಎಸೆದದ್ದೂ ಹಾಗೆಯೇ ಇರಬಹುದು. ಆಕೆ ಮೇಷ್ಟ್ರನ್ನು ಎಸೆಯುವಂತಿರಲಿಲ್ಲ.

ಒಂದು ಬೆಕ್ಕಿನ ತಮಾಷೆಗೆ ಇಷ್ಟು ಭಾರ ಹೊರಿಸಬೇಕೇ ಎಂದು ಕೇಳುವವರಿರುತ್ತಾರೆ. ಹಾಸ್ಯವನ್ನು ಬಿಡಿಸಿ ನೋಡಿದರೆ ಅದು ಸಾಯುತ್ತದೆ ಎಂಬ ಮಾತೂ ಇದೆ. ಆದರೆ ಹಾಡ್ಜ್‌ನ ಕಥೆಯಲ್ಲಿ ಬಾರ್ಬರ್‌ನನ್ನು ಸೇರಿಸಿ ಓದಿದರೆ ನಗು ಕಡಿಮೆಯಾಗುವುದಿಲ್ಲ. ಬೆಕ್ಕಿಗಾಗಿ ಆ ದಪ್ಪ ಶರೀರ ಹೊತ್ತು ಅಂಗಡಿಗೆ ಹೋದ ನಿಘಂಟುಕಾರ ಮತ್ತಷ್ಟು ಇಷ್ಟವಾಗುತ್ತಾನೆ. ತನ್ನ ತಮಾಷೆಯ ಖರ್ಚನ್ನು ಅವನು ತಾನೇ ಕೊಟ್ಟಿದ್ದಾನೆ.

ಕನ್ನಡದಲ್ಲಿ ಇದಕ್ಕೆ ಎರಡು ಪದಗಳಿವೆ, ಸೇವೆ ಮತ್ತು ಚಾಕರಿ. ಸೇವೆಯನ್ನು ದೇವರಿಗೆ, ಗುರುಗಳಿಗೆ, ಪ್ರೀತಿಸಿದವರಿಗೆ ಮಾಡುತ್ತೇವೆ. ಅದನ್ನು ನಾವೇ ಆರಿಸಿಕೊಂಡಿರುತ್ತೇವೆ, ಸಾಕೆನಿಸಿದರೆ ನಿಲ್ಲಿಸಬಹುದು. ಚಾಕರಿ ಹೊಟ್ಟೆಪಾಡು, ಒಲ್ಲೆ ಎನ್ನುವಂತಿಲ್ಲ. 'ನಾನು ಬೆಕ್ಕಿನ ಆಳು' ಎಂದು ನಗುವವರು ಸೇವೆಯನ್ನು ಚಾಕರಿಯ ವೇಷದಲ್ಲಿ ತೋರಿಸುತ್ತಿರುತ್ತಾರೆ. ವೇಷವೆಂದು ಗೊತ್ತಿರುವುದರಿಂದಲೇ ಅದು ತಮಾಷೆ. ಪಿಜಿಯ ಸಣ್ಣ ಕೋಣೆಯಲ್ಲಿ ಬೀದಿಯ ಮರಿಯೊಂದನ್ನು ಓನರ್ ಕಣ್ಣಿಗೆ ಬೀಳದಂತೆ ಸಾಕಿ, ತನ್ನ ಊಟದಲ್ಲಿ ಪಾಲು ಕೊಟ್ಟು, ಅದರ ಹೇಲನ್ನು ತಾನೇ ಬಳಿಯುವ ಹುಡುಗಿಗೆ ಆ ತಮಾಷೆ ಹೇಳುವ ಪೂರ್ತಿ ಹಕ್ಕಿದೆ. ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಫೋಟೊ ಹಾಕಿ, ಮರಳಿನ ತಟ್ಟೆಯನ್ನು ಮನೆಕೆಲಸದವರಿಗೆ ಬಿಟ್ಟವರು ಅದೇ ಮಾತು ಹೇಳಿದರೆ, ಆ ಮಾತಿನೊಳಗಿನ 'ನಾನು' ಯಾರು ಎಂದು ಓದುಗರು ಕೇಳಬೇಕಾಗುತ್ತದೆ.

ಬೆಕ್ಕಿಗೆ ಮಾತ್ರ ಈ ವ್ಯತ್ಯಾಸವೆಲ್ಲ ಬೇಕಿಲ್ಲ. ತಟ್ಟೆ ಯಾರು ತಂದಿಟ್ಟರೂ ಅದು ಒಮ್ಮೆ ಮೂಸುತ್ತದೆ, ಮನಸ್ಸಾದರೆ ತಿನ್ನುತ್ತದೆ. ಯಜಮಾನನನ್ನೂ ಆಳನ್ನೂ ಒಂದೇ ತಾತ್ಸಾರದಿಂದ ನೋಡಬಲ್ಲ ಪ್ರಾಣಿ ಆ ಮನೆಗಳಲ್ಲಿ ಅದೊಂದೇ ಇದ್ದಿರಬೇಕು.