ನಿಂತ ಚೆಂಡಿನ ಕೋಚ್: ಬೆಂಗಳೂರಿನಲ್ಲಿ ಕಾರ್ಲೆಸ್ ಕ್ವಾದ್ರತ್

ಸ್ಪೇನ್‌ನಲ್ಲಿ ಲಾ ಲಿಗಾ ಎಂಬ ಅಗ್ರ ಡಿವಿಜನ್ನಿನ ಕೆಳಗೆ ಹಲವು ಡಿವಿಜನ್ನುಗಳಿದ್ದು, ಅಲ್ಲಿ ಪಳಗಿದ ಕೋಚ್‌ಗಳ ಸಂಖ್ಯೆ ದೊಡ್ಡ ಕ್ಲಬ್‌ಗಳು ಕೊಡಬಲ್ಲ ಹುದ್ದೆಗಳಿಗಿಂತ ಎಷ್ಟೋ ಪಾಲು ಹೆಚ್ಚಾಗಿರುವುದರಿಂದ, ವಿದ್ಯೆ ಪೂರ್ತಿ ಕಲಿತೂ ತಾಯ್ನಾಡಿನಲ್ಲಿ ಹೆಸರು ಮಾಡದವರು ಹೊರದೇಶಗಳತ್ತ ಮುಖ ಮಾಡುವುದು ಅಲ್ಲಿ ವಾಡಿಕೆ. ಕಟಲೋನಿಯಾದ ಸಣ್ಣ ಕ್ಲಬ್‌ಗಳಲ್ಲಿ ಬಹುಕಾಲ ದುಡಿದ ಮನೋಲೊ ಮಾರ್ಕೆಜ್ 2020ರಲ್ಲಿ ಹೈದರಾಬಾದಿಗೆ ಬಂದು, 2022ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದು, 2024ರಲ್ಲಿ ಭಾರತ ತಂಡದ ಕೋಚ್ ಆದದ್ದು ಇದಕ್ಕೆ ಸುಪರಿಚಿತ ನಿದರ್ಶನ. ಕರ್ನಾಟಕದ ಮಟ್ಟಿಗೆ ಇದೇ ಬಗೆಯ ನಿದರ್ಶನವಾಗಿ ವಿಮರ್ಶೆಗೆ ಒದಗುವ ಹೆಸರು ಕಾರ್ಲೆಸ್ ಕ್ವಾದ್ರತ್. ಬಾರ್ಸಿಲೋನಾ ಕ್ಲಬ್ಬಿನ ಯುವ ವಿಭಾಗದಲ್ಲಿ ಬೆಳೆದ ಅವರು, 2016ರಲ್ಲಿ ಬೆಂಗಳೂರು ಎಫ್‌ಸಿಗೆ ಮುಖ್ಯ ಕೋಚ್ ಆಲ್ಬರ್ಟ್ ರೋಕಾ ಅವರ ಸಹಾಯಕರಾಗಿ ಬಂದು, 2018ರಿಂದ 2021ರ ಜನವರಿಯವರೆಗೆ ಅದರ ಮುಖ್ಯ ಕೋಚ್ ಆಗಿದ್ದರು.

ಕ್ವಾದ್ರತ್ ಸ್ಪೇನ್‌ನವರಾದ್ದರಿಂದ ಅವರ ತಂಡ ಸಣ್ಣ ಪಾಸುಗಳಲ್ಲಿ ಚೆಂಡನ್ನು ಕೈಬಿಡದೆ ಆಡುತ್ತದೆಂಬ ನಿರೀಕ್ಷೆ ಸಹಜವಾಗಿತ್ತು. ಆದರೆ ಅವರ ನಿಜವಾದ ಪರಿಣತಿ ಇದ್ದದ್ದು ಸೆಟ್ ಪೀಸ್‌ನಲ್ಲಿ, ಎಂದರೆ ಕಾರ್ನರ್, ಫ್ರೀಕಿಕ್, ಥ್ರೋ-ಇನ್ ಮುಂತಾಗಿ ಆಟ ನಿಂತು ಮತ್ತೆ ಹೊರಡುವ ಗಳಿಗೆಗಳಿಗೆ ಮೊದಲೇ ಹಾಕಿಕೊಳ್ಳುವ ಯೋಜನೆಯಲ್ಲಿ. ಅವರನ್ನು ಮೆಚ್ಚುವವರೂ ತೆಗಳುವವರೂ ಸಾಮಾನ್ಯವಾಗಿ ಈ ಒಂದು ಅಂಶವನ್ನು ಬದಿಗಿಟ್ಟೇ ಮಾತನಾಡುತ್ತಾರೆ.

ಇದನ್ನು ತಿಳಿಯಲು ಒಂದು ವರ್ಷದ ಅಂತರದಲ್ಲಿ ಒಂದೇ ದಿನಾಂಕದಂದು ನಡೆದ ಎರಡು ಐಎಸ್‌ಎಲ್ ಫೈನಲ್‌ಗಳನ್ನು ಎದುರುಬದುರಾಗಿ ಇಟ್ಟು ನೋಡಬೇಕು. ರೋಕಾ ಅವರ ಬೆಂಗಳೂರು 2017–18ರ ಲೀಗ್ ಹಂತದಲ್ಲಿ 18 ಪಂದ್ಯಗಳಿಂದ 40 ಅಂಕ ಗಳಿಸಿ, ಎರಡನೆಯ ಸ್ಥಾನದ ಚೆನ್ನೈಯಿನ್‌ಗಿಂತ 8 ಅಂಕ ಮುಂದಿತ್ತು. ಆದರೂ 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ, 9ನೇ ನಿಮಿಷದಲ್ಲೇ ಸುನಿಲ್ ಚೆಟ್ರಿ ಗೋಲಿನಿಂದ ಮುನ್ನಡೆ ಪಡೆದ ಆ ತಂಡ, ಚೆನ್ನೈಯಿನ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಂದ ತಲೆಯಲ್ಲಿ ಹೊಡೆದ ಎರಡು ಗೋಲುಗಳಿಗೆ ತಬ್ಬಿಬ್ಬಾಗಿ 2–3ರಿಂದ ಸೋತಿತು. ಅಂದು ಸಹಾಯಕರಾಗಿದ್ದ ಕ್ವಾದ್ರತ್ 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧದ ಫೈನಲ್‌ಗೆ ಮುಖ್ಯ ಕೋಚ್ ಆಗಿ ಬಂದಾಗ, ನಿಗದಿತ ಅವಧಿ ಗೋಲಿಲ್ಲದೆ ಮುಗಿದು, ಹೆಚ್ಚುವರಿ ಅವಧಿಯ 117ನೇ ನಿಮಿಷದಲ್ಲಿ ದಿಮಾಸ್ ಡೆಲ್ಗಾಡೊ ತೆಗೆದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟು ಪಂದ್ಯದ ಏಕೈಕ ಗೋಲು ಗಳಿಸಿದರು. ಅಹ್ಮದ್ ಜಾಹೂ ಕೆಂಪು ಕಾರ್ಡ್ ಪಡೆದು ಹೊರನಡೆದಿದ್ದರಿಂದ ಗೋವಾ ಆಗ 10 ಮಂದಿಯೊಂದಿಗೆ ಆಡುತ್ತಿತ್ತೆಂಬುದನ್ನೂ ಇಲ್ಲಿ ಹೇಳಲೇಬೇಕು. ಅದೇನೇ ಇದ್ದರೂ, ಬೆಂಗಳೂರಿಗೆ ಹಿಂದಿನ ವರ್ಷ ಪ್ರಶಸ್ತಿ ತಪ್ಪಿಸಿದ್ದ ಅಸ್ತ್ರವೇ ಈಗ ಅದರ ಕೈಗೆ ಬಂದಿತ್ತು. ಗೆಲ್ಲಿಸಿದ ಭೇಕೆಯಾಗಲಿ ಡೆಲ್ಗಾಡೊ ಆಗಲಿ ಹೊಸಬರಲ್ಲ, ಇಬ್ಬರೂ ರೋಕಾ ಕಾಲದಲ್ಲೇ ತಂಡದಲ್ಲಿದ್ದವರು.

ಇಂಥ ಕೆಲಸಕ್ಕೆ ಇನ್ನೊಂದು ಗುಣವೂ ಉಂಟು. ಐಎಸ್‌ಎಲ್ ಕ್ಲಬ್ಬಿಲ್ಲದ ಮೈಸೂರಿನಲ್ಲಿ, ಯಾದವಗಿರಿಯಂಥ ಬಡಾವಣೆಯ ಮನೆಯೊಂದರಲ್ಲಿ ಕುಳಿತು ಪಂದ್ಯ ನೋಡುವವರಿಗೆ ಟಿ.ವಿ. ಕ್ಯಾಮೆರಾ ತೋರಿಸುವುದು ಚೆಂಡಿನ ಸುತ್ತಲಿನ ಆಟವನ್ನು ಮಾತ್ರ; ಚೆಂಡಿಲ್ಲದ ಕಡೆ ಆಟಗಾರರು ಜಾಗ ಬದಲಿಸುವುದು, ಸಾಲು ಕಟ್ಟುವುದು ಅವರ ಕಣ್ಣಿಗೆ ಬೀಳುವುದು ಅಪರೂಪ. ಕಾರ್ನರ್ ಹೊತ್ತಿನಲ್ಲಿ ಮಾತ್ರ ಆಟ ನಿಂತಿರುತ್ತದೆ, ಯಾರು ಯಾರನ್ನು ತಡೆಯುತ್ತಿದ್ದಾರೆ, ಯಾರು ಹಿಂದಿನಿಂದ ಓಡಿ ಬರುತ್ತಿದ್ದಾರೆ ಎಂಬುದೆಲ್ಲ ಒಂದೇ ಚೌಕಟ್ಟಿನಲ್ಲಿ ಕಾಣುತ್ತದೆ. ಕೋಚ್ ವಾರವಿಡೀ ಮಾಡಿಸಿದ ಅಭ್ಯಾಸ ದೂರದ ಪ್ರೇಕ್ಷಕರಿಗೆ ನೇರವಾಗಿ ಕಾಣಿಸುವುದು ಹೆಚ್ಚುಕಡಿಮೆ ಇಲ್ಲಿ ಮಾತ್ರ, ಮತ್ತು ಕ್ವಾದ್ರತ್ ಶ್ರಮ ಸುರಿದದ್ದೂ ಇಲ್ಲಿಯೇ.

ಆದರೆ ನಿಂತ ಚೆಂಡನ್ನು ನೆಚ್ಚಿದ ತಂಡಕ್ಕೆ ಚಲಿಸುವ ಚೆಂಡಿನಿಂದ ಗೋಲು ಹುಟ್ಟದಿದ್ದಾಗ ಏನಾಗುತ್ತದೆಂಬುದನ್ನು ಲೀಗ್ ಹಂತದ ಅಂಕಿಗಳು ಬಿಡಿಸಿ ಹೇಳುತ್ತವೆ: ರೋಕಾ ಅವರ ಋತುವಿನಲ್ಲಿ 35 ಗೋಲು, ಕ್ವಾದ್ರತ್ ಗೆದ್ದ 2018–19ರಲ್ಲಿ 29, ಮರುವರ್ಷ 22. ರೋಕಾ ಕಾಲದಲ್ಲಿ 15 ಗೋಲು ಬಾರಿಸಿದ್ದ ವೆನೆಜುವೆಲಾದ ಮಿಕು 2019ರಲ್ಲಿ ತಂಡ ಬಿಟ್ಟ ಮೇಲೆ ಅವರ ಸ್ಥಾನ ತುಂಬಲು ಕ್ಲಬ್ಬಿಗೆ ಆಗಲಿಲ್ಲ. 2019–20ರಲ್ಲಿ ಭಾರವೆಲ್ಲ ಚೆಟ್ರಿಯ ಹೆಗಲಿಗೆ ಬಿತ್ತು. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಅವರ ಮುಂದೆ ಕಟ್ಟಿದ ರಕ್ಷಣೆ ಭದ್ರವಾಗಿತ್ತೆಂಬುದು ನಿಜವಾದರೂ, ಸೆಮಿಫೈನಲ್‌ನ ಮೊದಲ ಲೆಗ್ ಅನ್ನು 1–0ಯಿಂದ ಗೆದ್ದು, ಎರಡನೆಯದನ್ನು ಎಟಿಕೆಗೆ 1–3ರಿಂದ ಬಿಟ್ಟುಕೊಟ್ಟ ತಂಡದಲ್ಲಿ ಅನಿವಾರ್ಯ ಬಿದ್ದಾಗ ಇನ್ನೊಂದು ಗೋಲು ಹೆಕ್ಕುವ ದಾರಿ ಇರಲಿಲ್ಲ. ತಪ್ಪೆಲ್ಲ ಕೋಚ್‌ನದಲ್ಲ, ಆಟಗಾರರನ್ನು ಕೊಳ್ಳುವ ತೀರ್ಮಾನದಲ್ಲಿ ಕ್ಲಬ್ಬಿಗೂ ಪಾಲಿದೆ. ಆದರೂ ಎದುರಾಳಿಗಳು ತನ್ನ ಉಪಾಯಗಳನ್ನು ಅರ್ಥ ಮಾಡಿಕೊಂಡ ಮೇಲೆ ಬೇರೊಂದು ಆಟವನ್ನು ಕಟ್ಟಬೇಕಾದದ್ದು ಕೋಚ್‌ನ ಹೊಣೆಯೇ, ಅದನ್ನು ಅವರು ನಿಭಾಯಿಸಲಿಲ್ಲ. ಗೋವಾದಲ್ಲಿ ಖಾಲಿ ಮೈದಾನಗಳಲ್ಲಿ ನಡೆದ 2020–21ರ ಋತುವಿನಲ್ಲಿ ಸತತ ಮೂರು ಸೋಲುಗಳ ಬೆನ್ನಿಗೆ ಅವರು ನಿರ್ಗಮಿಸಿದರು.

ಮುಂದೆ ಅವರು ಕೋಚ್ ಆದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲೂ ಕಥೆ ಹೆಚ್ಚು ಬದಲಾಗಲಿಲ್ಲ. 2024ರ ಜನವರಿಯಲ್ಲಿ ಭುವನೇಶ್ವರದಲ್ಲಿ ಒಡಿಶಾವನ್ನು 3–2ರಿಂದ ಮಣಿಸಿ ಸೂಪರ್ ಕಪ್ ಗೆದ್ದು, ಹನ್ನೆರಡು ವರ್ಷಗಳಿಂದ ದೊಡ್ಡ ರಾಷ್ಟ್ರೀಯ ಪ್ರಶಸ್ತಿ ಕಾಣದಿದ್ದ ಕ್ಲಬ್ಬಿಗೆ ಅದನ್ನು ಒದಗಿಸಿದವರು ಅವರೇ. ಅದೇ ಋತುವಿನ ಲೀಗ್‌ನಲ್ಲಿ ಒಂಬತ್ತನೆಯ ಸ್ಥಾನಕ್ಕಿಳಿದ ತಂಡದ ಕೋಚ್ ಕೂಡ ಅವರೇ. ಮುಂದಿನ ಋತುವಿನ ಮೊದಲ ಮೂರು ಲೀಗ್ ಪಂದ್ಯಗಳನ್ನು ಸೋತು ಸೆಪ್ಟೆಂಬರ್ 30ರಂದು ರಾಜೀನಾಮೆ ಕೊಟ್ಟರು. ಒಂದೆರಡು ವಾರಗಳಲ್ಲಿ ಮುಗಿಯುವ ಕಪ್ ಪಂದ್ಯಾವಳಿಗೆ ಸಿದ್ಧ ಉಪಾಯಗಳು ಸಾಲುತ್ತವೆ, ತಿಂಗಳುಗಟ್ಟಲೆ ಎಳೆಯುವ ಲೀಗ್‌ಗೆ ಸಾಲುವುದಿಲ್ಲ ಎಂಬ ತೀರ್ಮಾನಕ್ಕೆ ಅವರು ಅಗ್ರಸ್ಥಾನದಲ್ಲಿ ಮುಗಿಸಿದ 2018–19ರ ಲೀಗ್ ಒಂದು ಅಪವಾದ. ಆ ವರ್ಷವೂ 34 ಅಂಕಗಳಲ್ಲಿ ಗೋವಾದೊಂದಿಗೆ ಸಮವಾಗಿ, ಪರಸ್ಪರ ಪಂದ್ಯಗಳ ಫಲಿತಾಂಶದ ಬಲದಿಂದ ಮುಂದೆ ನಿಂತದ್ದು ಗಮನಾರ್ಹ.

ಕ್ವಾದ್ರತ್ ನಂತರ ಬೆಂಗಳೂರು ಎಫ್‌ಸಿ ಜರ್ಮನಿಯ ಮಾರ್ಕೊ ಪೆಜೈವೊಲಿ, ಇಂಗ್ಲೆಂಡಿನ ಸೈಮನ್ ಗ್ರೇಸನ್ ಅವರನ್ನು ತಂದು, 2023ರ ಡಿಸೆಂಬರ್‌ನಲ್ಲಿ ಮತ್ತೆ ಸ್ಪೇನ್‌ಗೆ ಮರಳಿ ಜೆರಾರ್ಡ್ ಜರಗೋಜಾ ಅವರನ್ನು ಆರಿಸಿತು. ಜರಗೋಜಾ ಈ ಹಿಂದೆ ಕ್ವಾದ್ರತ್ ಕೈಕೆಳಗೆ ಇದೇ ಕ್ಲಬ್ಬಿನಲ್ಲಿ ಸಹಾಯಕರಾಗಿದ್ದವರು. ಅಂದರೆ ರೋಕಾ ಅವರಿಂದ ಅವರ ಸಹಾಯಕನಿಗೆ, ಆತನಿಂದ ಆತನ ಸಹಾಯಕನಿಗೆ ಹುದ್ದೆ ದಾಟಿಬಂದಿತು. ಮಧ್ಯೆ 2021ರಲ್ಲಿ ಹಂಗಾಮಿಯಾಗಿ ತಂಡವನ್ನು ನೋಡಿಕೊಂಡ ನೌಷಾದ್ ಮೂಸಾ ಅವರಂಥ ಭಾರತೀಯರಿಗೆ ಕಾಯಂ ಜವಾಬ್ದಾರಿ ಸಿಗಲಿಲ್ಲ. ಜರಗೋಜಾ 2025ರ ಏಪ್ರಿಲ್ 12ರಂದು ಮೋಹನ್ ಬಾಗಾನ್ ವಿರುದ್ಧದ ಫೈನಲ್‌ವರೆಗೆ ತಂಡವನ್ನು ಒಯ್ದು 1–2ರಿಂದ ಸೋತರು. ಐಎಸ್‌ಎಲ್ ಫೈನಲ್ ಗೆದ್ದ ಬೆಂಗಳೂರಿನ ಏಕೈಕ ಕೋಚ್ ಎಂಬ ಸ್ಥಾನ ಅಂದಿಗೂ ಕ್ವಾದ್ರತ್ ಅವರದಾಗಿಯೇ ಉಳಿಯಿತು.