ಇಂಗಲ್ಸ್ ಮನೆತನದ ಕಾಗದಗಳು

ಸರ್ಕಾರಿ ಕಾಗದದಲ್ಲೂ ರಸವಿದೆ ಎಂದರೆ ನಗುವವರಿದ್ದಾರೆ. ಅಂಥವರನ್ನು ಹಿಡಿದು ಕೂರಿಸಿ ಚಾರ್ಲ್ಸ್ ಇಂಗಲ್ಸ್ ಎಂಬ ರೈತನ ವಂಶದ ಕಥೆ ಬಡಿಸುವುದು ನನಗೆ ಬಲು ಇಷ್ಟ. ಆತ 1836ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯೂಬಾ ಎಂಬ ಊರಿನಲ್ಲಿ ಹುಟ್ಟಿದ, 1902ರಲ್ಲಿ ದಕ್ಷಿಣ ಡಕೋಟದ ಡಿ ಸ್ಮೆಟ್‌ನಲ್ಲಿ ತೀರಿಕೊಂಡ. ನಡುವಿನ ಅರವತ್ತಾರು ವರ್ಷಗಳಲ್ಲಿ ಅರ್ಧ ಅಮೆರಿಕವನ್ನು ಗಾಡಿಯಲ್ಲಿ ಸುತ್ತಿದ. ಮಗಳು ಲಾರಾ ಇಂಗಲ್ಸ್ ವೈಲ್ಡರ್ 1932ರಿಂದ ಪ್ರಕಟಿಸಿದ ‘ಪುಟ್ಟ ಮನೆ’ಯ ಪುಸ್ತಕಗಳಿಂದ ಎಷ್ಟೋ ದೇಶಗಳ ಮಕ್ಕಳಿಗೆ ಪರಿಚಿತನಾದ, ಕನ್ನಡದಲ್ಲಿ ಓದಿ ಅವನನ್ನು ಮೆಚ್ಚಿಕೊಂಡವರೂ ಇದ್ದಾರೆ. ಆ ಪುಸ್ತಕಗಳು ಹದವಾಗಿ ಇಳಿಸಿದ ಪಾಕ. ಆದರೆ ನನ್ನ ನಾಲಿಗೆಗೆ ಹತ್ತಿರುವುದು ಪಾಕಕ್ಕೆ ಮುಂಚಿನ ಕಬ್ಬಿನ ಹಾಲು: ದಫ್ತರಗಳಲ್ಲಿ ಉಳಿದ ಹೆಸರು, ತಾರೀಖು, ಸಹಿ.

ಹಳೆಯ ಬೇರುಗಳ ಕಡೆ ಒಂದು ನೋಟ ಸಾಕು. ಎಡ್ಮಂಡ್ ಇಂಗಲ್ಸ್ ಎಂಬಾತ ಇಂಗ್ಲೆಂಡಿನ ಲಿಂಕನ್‌ಷೈರ್‌ನಿಂದ ಹಡಗು ಹತ್ತಿ ಬಂದು ಮ್ಯಾಸಚೂಸೆಟ್ಸ್‌ನ ಲಿನ್ ಎಂಬಲ್ಲಿ ನೆಲೆಯೂರಿದ. ಚಾರ್ಲ್ಸ್‌ನ ಅಜ್ಜಿ ಡೆಲಾನೊ ಮನೆತನದವಳು; ಆ ಎಳೆ ಹಿಡಿದು 1620ರ ಮೇಫ್ಲವರ್ ಹಡಗಿನವರೆಗೂ ಹೋಗುವವರಿದ್ದಾರೆ. ಹೋಗಲಿ ಬಿಡಿ. ದೊಡ್ಡ ಹಡಗಿನ ನಂಟು ಯಾರಿಗೆ ಬೇಡ? ನನಗೆ ರುಚಿಸುವುದು ವಿಸ್ಕಾನ್ಸಿನ್‌ನ ಕಾಡಂಚಿನ ಎರಡು ಬಡ ಮನೆಗಳು.

ಒಂದು ಇಂಗಲ್ಸರದು, ಇನ್ನೊಂದು ಕ್ವೈನರರದು. ಕ್ವೈನರ್ ಮನೆಯ ಯಜಮಾನ 1845ರಲ್ಲಿ ಮಿಷಿಗನ್ ಸರೋವರದಲ್ಲಿ ಹಡಗು ಮುಳುಗಿ ತೀರಿಕೊಂಡಿದ್ದ. ಅವನ ಮಗಳು ಕ್ಯಾರೊಲೈನ್‌ಗೆ ಆಗ ಇನ್ನೂ ಆರು ತುಂಬಿರಲಿಲ್ಲ. ತಾಯಿ ಹೇಗೋ ಮಕ್ಕಳನ್ನು ಸಾಕಿದಳು; ಕ್ಯಾರೊಲೈನ್ ಓದಿ ಶಾಲೆಯ ಟೀಚರಾದಳು. ಇನ್ನು ಸ್ವಲ್ಪ ನಿಧಾನವಾಗಿ ಬನ್ನಿ, ಸವಿಯುವ ಜಾಗ ಬಂತು. 1859ರಲ್ಲಿ ಕ್ಯಾರೊಲೈನ್‌ಳ ಅಣ್ಣ ಹೆನ್ರಿ ಕ್ವೈನರ್, ಚಾರ್ಲ್ಸ್‌ನ ತಂಗಿ ಪಾಲಿ ಇಂಗಲ್ಸ್‌ಳನ್ನು ಮದುವೆಯಾದ. 1860ರ ಫೆಬ್ರವರಿ 1ರಂದು ಚಾರ್ಲ್ಸ್ ಇಂಗಲ್ಸ್ ಕ್ಯಾರೊಲೈನ್ ಕ್ವೈನರ್‌ಳ ಕೈಹಿಡಿದ. 1861ರಲ್ಲಿ ಚಾರ್ಲ್ಸ್‌ನ ಅಣ್ಣ ಪೀಟರ್, ಕ್ಯಾರೊಲೈನ್‌ಳ ತಂಗಿ ಎಲೈಜಾಳನ್ನು ವರಿಸಿದ. ಎರಡು ಮನೆ, ಮೂರು ಮದುವೆ! ಲಾರಾಳ ಕಡೆಯಿಂದ ನೋಡಿದರೆ ಸೋದರಮಾವನ ಹೆಂಡತಿ ಸೋದರತ್ತೆಯೇ. ದೊಡ್ಡಪ್ಪನ ಹೆಂಡತಿ ಅಮ್ಮನ ಖಾಸಾ ತಂಗಿ. ಆಕೆಯನ್ನು ದೊಡ್ಡಮ್ಮ ಅನ್ನಬೇಕೋ ಚಿಕ್ಕಮ್ಮ ಅನ್ನಬೇಕೋ, ನಮ್ಮ ಹಳ್ಳಿಯ ಅಜ್ಜಿಯರಾದರೆ ಒಂದು ಮಧ್ಯಾಹ್ನವಿಡೀ ಚರ್ಚಿಸುತ್ತಿದ್ದರು. ಚಾಳಿ ಅಲ್ಲಿಗೇ ನಿಲ್ಲಲಿಲ್ಲ. ಪೀಟರ್‌ನ ಇಬ್ಬರು ಹೆಣ್ಣುಮಕ್ಕಳು ಬೆಳೆದು ವೈಟಿಂಗ್ ಎಂಬ ಮನೆಯ ಇಬ್ಬರು ಅಣ್ಣತಮ್ಮಂದಿರನ್ನು ಕಟ್ಟಿಕೊಂಡರು. ಇಂಥ ಒತ್ತು ನೇಯ್ಗೆ ವಂಶವೃಕ್ಷದಲ್ಲಿ ಸಿಕ್ಕಾಗ ನಾನು ಮುಂದಿನ ಪುಟ ತಿರುಗಿಸಲಾರೆ.

1863ರಲ್ಲಿ ಚಾರ್ಲ್ಸ್ ಮತ್ತು ಹೆನ್ರಿ ಪೆಪಿನ್ ಎಂಬ ಊರಿನ ಹತ್ತಿರ ಜಂಟಿಯಾಗಿ ಜಮೀನು ಕೊಂಡರು. ಭಾವಮೈದುನರ ಆ ಕಾಡಿನಲ್ಲೇ 1867ರಲ್ಲಿ ಲಾರಾ ಹುಟ್ಟಿದ್ದು. ಆಮೇಲೆ ಗಾಡಿ ಹೊರಟಿತು. 1870ರ ಜನಗಣತಿಯ ಗುಮಾಸ್ತನಿಗೆ ಈ ಸಂಸಾರ ಸಿಕ್ಕಿದ್ದು ಕಾನ್ಸಾಸ್‌ನ ರಟ್ಲೆಂಡ್ ಟೌನ್‌ಶಿಪ್‌ನಲ್ಲಿ. ಉದ್ಯೋಗದ ಕಾಲಮ್ಮಿನಲ್ಲಿ ‘ಬಡಗಿ’ ಎಂದಿದೆ. ಜಮೀನಿನ ಬೆಲೆಯ ಕಾಲಮ್ಮಿನಲ್ಲಿ ಏನೂ ಇಲ್ಲ. ಯಾಕೆಂದರೆ ಆ ನೆಲ ಒಸೇಜ್ ಜನರದು. ಇಂಗಲ್ಸ್ ಅಲ್ಲಿ ಅತಿಕ್ರಮಣ ಮಾಡಿ ಕೂತವನು. ಉತ್ತು, ಬಾವಿ ತೋಡಿ, ಮರದ ದಿಮ್ಮಿಗಳ ಮನೆ ಕಟ್ಟಿದವನ ಹೆಸರಿನ ಮುಂದೆ ಆ ಖಾಲಿ ಚೌಕ! ಯಾವ ವಿಮರ್ಶಕನೂ ಇಷ್ಟು ಚುಟುಕಾಗಿ ಸತ್ಯ ಹೇಳಿಲ್ಲ.

ಪುಸ್ತಕಗಳು ಬಿಟ್ಟದ್ದನ್ನು ದಾಖಲೆ ಬಿಡುವುದಿಲ್ಲ. 1875ರ ನವೆಂಬರ್‌ನಲ್ಲಿ, ಮಿನೆಸೋಟದ ವಾಲ್ನಟ್ ಗ್ರೋವ್‌ನಲ್ಲಿ ಮಿಡತೆಗಳು ಗೋಧಿಯನ್ನು ಬೋಳಿಸಿದ್ದ ದಿನಗಳಲ್ಲಿ, ಈ ಮನೆಯಲ್ಲೊಬ್ಬ ಗಂಡುಮಗ ಹುಟ್ಟಿದ. ಹೆಸರು ಚಾರ್ಲ್ಸ್ ಫ್ರೆಡರಿಕ್. ಒಂಬತ್ತು ತಿಂಗಳು ಬದುಕಿದ, ಅಷ್ಟೆ. ಕಾದಂಬರಿಗಳಲ್ಲಿ ಅವನ ಸುಳಿವಿಲ್ಲ, ಅವನು ಹೋದ ಮೇಲೆ ಅಯೋವದ ಬರ್ ಓಕ್‌ನಲ್ಲಿ ಕಳೆದ ಕಾಲದ ಸುಳಿವೂ ಇಲ್ಲ. ಲಾರಾ ಮೊದಲು ಬರೆದಿಟ್ಟ ಆತ್ಮಕಥೆ ‘ಪಯೊನೀರ್ ಗರ್ಲ್’ 2014ರಲ್ಲಿ ಅಚ್ಚಾಯಿತಲ್ಲ, ಅದರ ಅಡಿಟಿಪ್ಪಣಿಗಳನ್ನು ನಾನು ಊಟದ ಎಲೆಯಂಚಿನ ಉಪ್ಪಿನಕಾಯಿಯ ಹಾಗೆ ಮೂಲಕ್ಕಿಂತ ಹೆಚ್ಚು ಸಲ ಮುಟ್ಟಿದ್ದೇನೆ.

ಎಲ್ಲಕ್ಕೂ ಮೇಲು ಡಿ ಸ್ಮೆಟ್‌ನ ಜಮೀನಿನ ಕಡತ. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 160 ಎಕರೆ ಹಿಡಿಯಬಹುದಿತ್ತು. ಐದು ವರ್ಷ ಅಲ್ಲೇ ವಾಸವಿದ್ದು ಬೇಸಾಯ ಮಾಡಿದರೆ ಸ್ವಂತದ್ದು. ಚಾರ್ಲ್ಸ್ 1880ರಲ್ಲಿ ಹಿಡುವಳಿ ಬರೆಸಿದ. ಆ ವರ್ಷವೇ ಶುರುವಾದ ಭೀಕರ ಚಳಿಗಾಲ ರೈಲನ್ನೇ ನಿಲ್ಲಿಸಿತು. ಅದನ್ನೂ ದಾಟಿ 1886ರಲ್ಲಿ ಹಕ್ಕು ಸಾಬೀತು ಮಾಡಲು ಭೂಕಚೇರಿಯ ಮುಂದೆ ನಿಂತ. ಮನೆ ಯಾವಾಗ ಕಟ್ಟಿದೆ? ಸಂಸಾರದಲ್ಲಿ ಯಾರ‍್ಯಾರಿದ್ದಾರೆ? ಎಷ್ಟು ಎಕರೆ ಉತ್ತೆ, ಎಷ್ಟು ಬೆಳೆ ತೆಗೆದೆ? ಅಚ್ಚಾದ ಪ್ರಶ್ನೆಗಳು ಗಟ್ಟಿಯಾಗಿ, ನೆಟ್ಟಗೆ, ಯಾರಿಗೂ ಸೊಪ್ಪು ಹಾಕದೆ ನಿಂತಿವೆ. ಅವುಗಳ ಪಕ್ಕದಲ್ಲಿ ಮಸಿಯ ಉತ್ತರಗಳು, ಓರೆಯಾಗಿ, ಮೆದುವಾಗಿ ಹರಿಯುತ್ತವೆ. ಪಿಟೀಲು ನುಡಿಸುತ್ತಿದ್ದ ಮನುಷ್ಯನ ಐದಾರು ವರ್ಷಗಳ ದುಡಿಮೆ ಎರಡು ಮೂರು ಪದಗಳ ಉತ್ತರದಲ್ಲಿ ಮುಗಿಯುತ್ತದೆ. ಓದುವವನು ಮಾತ್ರ ಬೇಗ ಮುಗಿಸಲಾರ.

ಚಾರ್ಲ್ಸ್‌ನ ಸಂತಾನ ಈಗಿಲ್ಲ. ಅವನ ಹೆಣ್ಣುಮಕ್ಕಳಲ್ಲಿ ಮೇರಿ ಮದುವೆಯಾಗಲಿಲ್ಲ; ಕ್ಯಾರಿಗೂ ಗ್ರೇಸ್‌ಗೂ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ; ಲಾರಾಳ ಒಬ್ಬಳೇ ಮಗಳು ರೋಸ್ ವೈಲ್ಡರ್ ಲೇನ್ 1968ರಲ್ಲಿ ತೀರಿಕೊಂಡಳು. ಆದರೆ ಆ ಮೂರು ಮದುವೆಗಳನ್ನು ಮರೆಯಬೇಡಿ. ಪೀಟರ್ ಮತ್ತು ಎಲೈಜಾರ ಮಕ್ಕಳಿಗೂ, ಹೆನ್ರಿ ಮತ್ತು ಪಾಲಿಯ ಮಕ್ಕಳಿಗೂ ಲಾರಾಳಿಗಿದ್ದ ಅದೇ ನಾಲ್ವರು ಅಜ್ಜ ಅಜ್ಜಿಯರು, ಒಬ್ಬರೂ ಹೆಚ್ಚಿಲ್ಲ, ಒಬ್ಬರೂ ಕಡಿಮೆಯಿಲ್ಲ. ನೇರ ಗೆರೆ ಕಡಿದುಹೋದ ಮನೆತನ ಹೀಗೆ ಪಕ್ಕದ ಗೆರೆಗಳಲ್ಲಿ ಪೂರ್ತಿಯಾಗಿ ಹರಿದಿರುವುದನ್ನು ಬೆರಳಿಟ್ಟು ಹಿಂಬಾಲಿಸುವ ಸುಖಕ್ಕೆ ನಾನು ಒಳ್ಳೆಯ ಕಾದಂಬರಿಯೊಂದನ್ನು ಅರ್ಧಕ್ಕೆ ಮಡಚಿಡಲೂ ಸಿದ್ಧ.