ಅಜ್ಜಿಯ ಲಕ್ಷ್ಮಿ, ಅಂಗಡಿಯ ಲಕ್ಷ್ಮಿ

ನಮ್ಮ ಮನೆಯ ಹಜಾರದಲ್ಲಿ ಈಗ ಇಬ್ಬರು ಲಕ್ಷ್ಮಿಯರಿದ್ದಾರೆ. ಇಬ್ಬರೂ ರಾಜಾ ರವಿವರ್ಮನ ಒಂದೇ ಚಿತ್ರದಿಂದ ಬಂದವರು. ಒಬ್ಬಳು ಅಜ್ಜಿಯ ಕಾಲದ ಕಲ್ಲಚ್ಚಿನವಳು. ಇನ್ನೊಬ್ಬಳು ಮೂರು ವರ್ಷದ ಹಿಂದೆ ನಮ್ಮೂರಿನ ಫ್ರೇಮ್ ಅಂಗಡಿಯಲ್ಲಿ, ಕಂಪ್ಯೂಟರಿನಿಂದ ಕ್ಯಾನ್ವಾಸಿನ ಮೇಲೆ ಇಳಿದವಳು. ಮನೆಗೆ ಬಂದವರೆಲ್ಲ ಹೊಸಬಳನ್ನು ನೋಡಿ, "ಎಷ್ಟು ಕ್ಲಿಯರ್ ಆಗಿ ಬಂದಿದೆ!" ಎನ್ನುತ್ತಾರೆ. ಮೊದಲು ಆ ಮಾತು ಅಂದವಳು ನಾನೇ. ಅದನ್ನು ಯಾಕೆ ಹಿಂದಕ್ಕೆ ತೆಗೆದುಕೊಂಡೆ ಎಂದು ಹೇಳುತ್ತೇನೆ, ಕೇಳಿ.

ಅಜ್ಜಿಯ ಮನೆ ಸಾಗರದ ಕಡೆಯ ಒಂದು ಹಳ್ಳಿಯಲ್ಲಿತ್ತು. ನಡುಮನೆಯ ಬಾಗಿಲ ಮೇಲೆ ಈ ಲಕ್ಷ್ಮಿ. ಮದುವೆಯಾಗಿ ಬಂದ ಹೊಸದರಲ್ಲಿ ಅಜ್ಜಿ ತನ್ನ ಹಳೆಯ ರವಿಕೆಯ ಜರಿ ಕತ್ತರಿಸಿ, ಲಕ್ಷ್ಮಿಯ ಸೀರೆಯ ಮೇಲೆ ಗೋಂದಿನಲ್ಲಿ ಅಂಟಿಸಿ, ಅಂಚನ್ನು ಸೂಜಿದಾರದಿಂದ ಕೂರಿಸಿದ್ದಳಂತೆ. ಕೊರಳಿಗೆ ಮಣಿಸರವೂ ಬಂದಿತ್ತು. ಅಜ್ಜಿಯೊಬ್ಬಳೇ ಅಲ್ಲ, ಆ ಕಾಲದಲ್ಲಿ ಎಷ್ಟೋ ಮನೆಗಳ ಹೆಂಗಸರು ರವಿವರ್ಮನ ದೇವರುಗಳಿಗೆ ಹೀಗೆ ಉಡಿಸಿ ತೊಡಿಸಿದ್ದಾರೆ.

ಈ ಚಿತ್ರಗಳು ನಮ್ಮ ಗೋಡೆಗೆ ಬಂದ ದಾರಿಯೂ ಸಣ್ಣದಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ. ಯಂತ್ರಗಳೂ ತಂತ್ರಜ್ಞರೂ ಜರ್ಮನಿಯಿಂದ ಬಂದರು. ಆಮೇಲೆ ಅದು ಲೋನಾವಳದ ಹತ್ತಿರದ ಮಳವಲಿಗೆ ಹೋಯಿತು. 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಲ್ಲಿ ಚಿತ್ರ ಮೂಡುತ್ತಿದ್ದುದು ಸುಣ್ಣಕಲ್ಲಿನ ಚಪ್ಪಡಿಯ ಮೇಲೆ. ಎಣ್ಣೆಗೂ ನೀರಿಗೂ ಆಗದು ಎಂಬ, ಅಡಿಗೆಮನೆಯಲ್ಲಿ ನಮಗೆಲ್ಲ ಗೊತ್ತಿರುವ ಸತ್ಯವೇ ಆ ವಿದ್ಯೆಯ ಬುಡ. ಜಿಡ್ಡಿನ ಬಳಪದಿಂದ ಬರೆದ ಕಡೆ ಶಾಯಿ ನಿಲ್ಲುತ್ತದೆ, ಒದ್ದೆಯಾದ ಕಡೆ ನಿಲ್ಲುವುದಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅದೇ ಕಾಗದ ಮತ್ತೆ ಮತ್ತೆ ಯಂತ್ರದೊಳಗೆ ಹೋಗಿ ಬರಬೇಕು. ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಕೆನ್ನೆಗೆ ಹೋಗುತ್ತದೆ. ಕೊನೆಗೆ, ತೈಲಚಿತ್ರದ ಹಾಗೆ ಕಾಣಲೆಂದು ವಾರ್ನಿಷು. ಇದನ್ನು ಬರೀ ಕ್ಯಾಲೆಂಡರ್ ಕಲೆ ಎಂದು ಮೂಗು ಮುರಿಯುವವರು ಆ ಕೆಲಸದ ಬೆವರನ್ನು ನೋಡಿಲ್ಲ.

ಅಜ್ಜಿ ಹೋದ ಮೇಲೆ ಮನೆ ಪಾಲಾಯಿತು. ಗದ್ದೆ ತೋಟ ಗಂಡಸರಿಗೆ, ಲಕ್ಷ್ಮಿ ನನಗೆ. ಮಾಸಿ ಕಂದಾಗಿದ್ದ ಚಿತ್ರವನ್ನು ಅಂಗಡಿಗೆ ಒಯ್ದೆ. ಹುಡುಗ ಒಳ್ಳೆಯವನೇ. "ಮೇಡಂ, ಸ್ಕ್ಯಾನ್ ಮಾಡಿ ಹೊಸದೇ ತೆಗೆದುಕೊಡುತ್ತೇನೆ. ಆದರೆ ಗಾಜಿನ ಮೇಲೆ ಚಪ್ಪಟೆಯಾಗಿ ಕೂರಬೇಕು, ಈ ಕಸ ತೆಗೆಯಲೇ?" ಎಂದ. ಮಾರನೆಯ ದಿನ ಶಾಲೆಯಲ್ಲಿ ಇನ್‌ಸ್ಪೆಕ್ಷನ್ ಇತ್ತು, ಅವಸರದಲ್ಲಿದ್ದೆ. "ತೆಗಿ" ಎಂದುಬಿಟ್ಟೆ.

ವಾರ ಕಳೆದು ಹೋದಾಗ ಎರಡೂ ಮೇಜಿನ ಮೇಲಿದ್ದವು. ಹಳೆಯದನ್ನು ನೋಡಿ ನನ್ನ ಮಾತು ನಿಂತುಹೋಯಿತು. ಜರಿಯಿದ್ದ ಜಾಗದಲ್ಲಿ ಸೀರೆ ನಿನ್ನೆ ಅಚ್ಚಾದಂತೆ ಕೆಂಪಗಿತ್ತು. ಉಳಿದದ್ದೆಲ್ಲ ಚಹದ ಕಂದು. ಅಷ್ಟು ವರ್ಷ ಬೆಳಕು ಚಿತ್ರವನ್ನು ತಿಂದಿತ್ತು. ಅಜ್ಜಿಯ ಜರಿಯ ಅಡಿಗೆ ಮಾತ್ರ ಅದರ ಬಾಯಿ ಹೋಗಿರಲಿಲ್ಲ. ಅಂಚಿನುದ್ದಕ್ಕೂ ಸೂಜಿ ಚುಚ್ಚಿದ ತೂತುಗಳ ಸಾಲು. ನಾನು ಕಸವೆಂದು ಒಪ್ಪಿಕೊಂಡದ್ದು ಇದನ್ನು.

ಇನ್ನು ಹೊಸಬಳ ವಿಷಯ. ಅವಳಿಗೆ ಅನ್ಯಾಯ ಮಾಡಬಾರದು. ಬಣ್ಣ ಶುಭ್ರವಾಗಿದೆ, ಭಾರವಿಲ್ಲ, ಗಾಜಿಲ್ಲದ್ದರಿಂದ ಟ್ಯೂಬ್‌ಲೈಟು ಮುಖಕ್ಕೆ ಹೊಡೆಯುವುದಿಲ್ಲ. ಆದರೆ ಕಲ್ಲಚ್ಚಿನಲ್ಲಿ ಕೆನ್ನೆಯ ನೆರಳು ಕೈಯಿಂದ ಇಟ್ಟ ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿತ್ತು. ಕಂಪ್ಯೂಟರು ಅವನ್ನು ಕಲೆ ಎಂದು ತಿಳಿದು ಒರೆಸಿಹಾಕಿದೆ. ಸೂಜಿಯ ತೂತುಗಳನ್ನೂ ತುಂಬಿದೆ. ಲಕ್ಷ್ಮಿ ಒಂದು ಸುತ್ತು ಬೆಳ್ಳಗಾಗಿ, ಕ್ರೀಮು ಹಚ್ಚಿಕೊಂಡ ಜಾಹೀರಾತಿನ ಹುಡುಗಿಯಂತೆ ನಿಂತಿದ್ದಾಳೆ. ಯಂತ್ರದ ತಪ್ಪೇನಿಲ್ಲ, ಯಾವುದನ್ನು ಉಳಿಸಬೇಕೆಂದು ಅದಕ್ಕೆ ಹೇಳಬೇಕಾದವಳು ನಾನು.

ತೂಗುಹಾಕುವುದರಲ್ಲೂ ನಾನು ದಡ್ಡಿಯೇ. ಹೊಸಬಳನ್ನು ಸೋಫಾದ ಮೇಲ್ಗಡೆ, ಪಡುವಣ ಕಿಟಕಿಯ ಎದುರಿಗೆ ಗೋಡೆಗೆ ಒತ್ತಿ ಹಾಕಿದೆ. ಮಳೆಗಾಲದಲ್ಲಿ ಹಿಂದೆ ಬೂಷ್ಟು ಹಿಡಿಯಿತು, ಬೇಸಿಗೆಯಲ್ಲಿ ಬಿಸಿಲು ಬಡಿಯಿತು. ಆಗ ಅಜ್ಜಿಯ ನಡುಮನೆ ನೆನಪಾಯಿತು. ಅಲ್ಲಿ ಚಿತ್ರದ ಕೆಳತುದಿ ಎರಡು ಮರದ ಗೂಟಗಳ ಮೇಲೆ ಕೂತು, ಮೇಲ್ತುದಿ ಹಗ್ಗದಲ್ಲಿ ಮುಂದಕ್ಕೆ ಬಾಗಿರುತ್ತಿತ್ತು. ಚಿಕ್ಕವಳಿದ್ದಾಗ, ದೇವರು ನಮ್ಮನ್ನು ಬಗ್ಗಿ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ. ಈಗ ಲೆಕ್ಕ ತಿಳಿಯುತ್ತದೆ. ನಾವೆಲ್ಲ ಚಾಪೆಯ ಮೇಲೆ ಕೂರುವವರು. ಚಿತ್ರ ಬಾಗಿದರೆ ತಾನೇ ಕಣ್ಣಿಗೆ ನೇರವಾಗುವುದು, ಗಾಜಿನ ಹೊಳಪು ತಪ್ಪುವುದು? ಬೆನ್ನ ಹಿಂದೆ ಗಾಳಿಯಾಡಿ ಗೋಡೆಯ ತೇವ ತಾಗುತ್ತಿರಲಿಲ್ಲ. ಮಣಿಸರದ ದಪ್ಪಕ್ಕೆಂದು ಬಡಗಿ ಕೊಟ್ಟ ಸಣ್ಣ ಪಟ್ಟಿಯಿಂದ ಗಾಜು ಕಾಗದಕ್ಕೆ ಅಂಟುತ್ತಿರಲಿಲ್ಲ. ಇದನ್ನೆಲ್ಲ ಕಂಡುಹಿಡಿದವರು ಯಾವ ಇಂಜಿನಿಯರಿಂಗ್ ಕಾಲೇಜಿಗೂ ಹೋದವರಲ್ಲ.

ನೀವೂ ಗೋಡೆಗೆ ಚಿತ್ರ ಮಾಡಿಸುವವರಿದ್ದರೆ ಕೆಲವು ಮಾತು ಕೇಳಿ. ಡೈ ಶಾಯಿಗಿಂತ ಪಿಗ್ಮೆಂಟ್ ಶಾಯಿ ಹೆಚ್ಚು ಕಾಲ ಬಾಳುತ್ತದೆ, ಅದನ್ನೇ ಕೇಳಿ. ಹಿಂದಿನ ರಟ್ಟು ಆಮ್ಲರಹಿತವಾಗಿರಲಿ, ಇಲ್ಲದಿದ್ದರೆ ಕಾಗದ ಕಂದಾಗುತ್ತದೆ. ಹಳೆಯ ಚಿತ್ರವನ್ನು ಹಾರ್ಡ್‌ಬೋರ್ಡಿಗೆ ಅಂಟಿಸಲು ಬಿಡಬೇಡಿ. ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಹಾಕಿಸಿ. ಫ್ರೇಮಿನ ಕೆಳಮೂಲೆಗಳಿಗೆ ಬೆಂಡಿನ ಚೂರು ಅಂಟಿಸಿ ಗೋಡೆಯಿಂದ ದೂರವಿಡಿ. ನೇರ ಬಿಸಿಲಂತೂ ಬೇಡವೇ ಬೇಡ. ಬೆಳಕು ತಿಂದ ಬಣ್ಣ ಮರಳಿ ಬರುವುದಿಲ್ಲ.

ಅಂಗಡಿಯ ಹುಡುಗ ಜರಿಯನ್ನು ಎಸೆದಿರಲಿಲ್ಲ, ಪೊಟ್ಟಣ ಕಟ್ಟಿ ಕೊಟ್ಟ. ಮತ್ತೆ ಅಂಟಿಸಲು ಒಂದು ದಿನ ಕೂತೆ, ಕೈ ಬರಲಿಲ್ಲ. ಅಜ್ಜಿಯ ಸೂಜಿ ಹೋದ ತೂತಿನಲ್ಲಿ ನನ್ನ ಸೂಜಿ ಹೋಗಲಿಲ್ಲ. ಹಾಗೇ ಕಟ್ಟು ಹಾಕಿಸಿ, ನೆರಳಿನ ಗೋಡೆಗೆ, ಮುಂದಕ್ಕೆ ಬಾಗಿಸಿ ತೂಗುಹಾಕಿದ್ದೇನೆ. ಮೊನ್ನೆ ಮೊಮ್ಮಗಳು ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದವಳು ತಲೆಯೆತ್ತಿ, "ಅಜ್ಜೀ, ಈ ದೇವರ ಸೀರೆ ಒಂದೇ ಕಡೆ ಯಾಕೆ ಅಷ್ಟು ಕೆಂಪು?" ಎಂದಳು.

ಹತ್ತಿರ ಕರೆದು, ತೂತುಗಳನ್ನು ಎಣಿಸಲು ಹೇಳಿದೆ.